ನಿಂಬೆವ್ವನ ನಿತ್ಯಮದ್ದು

ಮೇಲ್ಕೇರಿ, ಕಪ್ಪತಗುಡ್ಡ
ಗಾಳಿಶಕ ಇನ್ನೂರ ಹದಿಮೂರು, ಕಾರಹುಣ್ಣಿಮೆಯ ಮರುದಿನ

ನಿಂಬೆವ್ವನ ವಂಶದಲ್ಲಿ ಇನ್ನು ಮುಂದೆ ಹುಟ್ಟುವವರಿಗೆ, ಅವಳ ತಂಗಿ ಬಾಳವ್ವ ಬರೆಯುವುದು.

ಈ ತೇದಿ ನಿಮ್ಮ ಪಂಚಾಂಗದಲ್ಲಿ ಸಿಗಲಿಕ್ಕಿಲ್ಲ. ಈ ಗುಡ್ಡದ ಮೇಲೆ ಮೊದಲ ಗಾಳಿಕಂಬ ತಿರುಗಿದ ದಿನದಿಂದ ನಾವು ಶಕ ಎಣಿಸುತ್ತೇವೆ. ನಿಮ್ಮ ಕಾಲಕ್ಕೆ ಆ ಕಂಬಗಳು ಇವೆಯೋ ಬಿದ್ದಿವೆಯೋ ನಾನರಿಯೆ. ನನ್ನ ಮಾತುಗಳು ಹಳಸಲೆನಿಸಿದರೆ ಮನ್ನಿಸಿ. ಹಳಸಲಾದರೂ ಪೂರ್ತಿ ಓದಿ, ಏಕೆಂದರೆ ಇದು ಆಶೀರ್ವಾದದ ಓಲೆಯಲ್ಲ. ಸತ್ತುಹೋದ ಒಬ್ಬ ಮನುಷ್ಯನ ಮೇಲೆ ನನಗಿರುವ ಸಿಟ್ಟು ನನ್ನೊಂದಿಗೆ ಮಣ್ಣಾಗಬಾರದೆಂದು ಬರೆಯುತ್ತಿದ್ದೇನೆ. ಅವನ ಹೆಸರು ಗವಿಸಿದ್ದ. ಅವನು ನನ್ನ ಅಕ್ಕನ ಗಂಡ. ಅಂದರೆ ನಿಮಗೂ ಹಿರಿಯನೇ.

ಮೊದಲು ನಮ್ಮ ಬದುಕು ಹೇಗಿತ್ತೆಂದು ತಿಳಿಸುತ್ತೇನೆ. ನಮ್ಮ ಕಾಲದಲ್ಲಿ ಬಿಸಿಲು ಏರಿದ ಮೇಲೆ ಯಾರೂ ಹೊರಗಿರುತ್ತಿರಲಿಲ್ಲ. ನಸುಕಿನಲ್ಲೊಮ್ಮೆ, ಹೊತ್ತು ಇಳಿದ ಮೇಲೊಮ್ಮೆ ದುಡಿಮೆ. ನಡುವಿನ ಹೊತ್ತನ್ನು ಬಿಸಿಲುಮುಚ್ಚು ಎನ್ನುತ್ತಿದ್ದೆವು, ಆಗ ಊರೆಲ್ಲ ನೆಲಮನೆಗಳಲ್ಲಿ ಮಲಗಿರುತ್ತಿತ್ತು. ಕುಡಿಯುವ ನೀರು ಮಂಜುಬಲೆಯಿಂದ ಬರುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಎರಡಾಳೆತ್ತರದ ಬಲೆಗಳನ್ನು ಕಟ್ಟಿದರೆ ಬೆಳಗಿನ ಮಂಜು ಅದರಲ್ಲಿ ಸಿಕ್ಕಿ, ಹನಿಯಾಗಿ, ಹರಿದು, ಕೆಳಗಿನ ಕಲ್ಲಿನ ಹೊಂಡಕ್ಕೆ ಇಳಿಯುತ್ತಿತ್ತು. ಬಲೆಯ ಗಂಟು ಸಡಿಲಾದರೆ ನೀರಿಲ್ಲ. ಹಾಗಾಗಿ ಗಂಟು ಹಾಕುವ ಹೆಂಗಸರಿಗೆ ಊರಲ್ಲಿ ದೊಡ್ಡ ಮರ್ಯಾದೆ. ಇನ್ನು ಔಷಧಿ. ದೂರದಿಂದ ಮದ್ದು ಬರುವ ದಾರಿಗಳು ನಮ್ಮ ಅಜ್ಜಂದಿರ ಕಾಲದಲ್ಲೇ ಮುಚ್ಚಿಹೋಗಿದ್ದವು. ನಮಗೆ ಬೇಕಾದುದನ್ನು ನಾವೇ ದೊಡ್ಡ ಹಂಡೆಗಳಲ್ಲಿ ಹುದುಗೆಬ್ಬಿಸಿ ತಯಾರಿಸುತ್ತಿದ್ದೆವು. ಆ ಜಾಗಕ್ಕೆ ಹುದುಗುಮನೆ ಎಂದು ಹೆಸರು. ಮುಂಜಾನೆ ಅದರ ಮುಂದೆ ಹಾದರೆ ಹುಳಿಬಂದ ದೋಸೆಹಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಜ್ವರ ಕೆಮ್ಮಿಗೆ ಕೊಡುವುದು ಬಿಡುಮದ್ದು, ವಾಸಿಯಾದ ಮೇಲೆ ಬಿಡುವಂಥದು. ಬದುಕಿರುವ ತನಕ ತೆಗೆದುಕೊಳ್ಳಬೇಕಾದದ್ದು ನಿತ್ಯಮದ್ದು. ನಾನು ಆ ಹುದುಗುಮನೆಯಲ್ಲಿ ಕೆಲಸಕ್ಕಿದ್ದೆ.

ಅಕ್ಕ ನಿಂಬೆವ್ವನಿಗೆ ಮೂರ್ಛೆಯ ಕಾಯಿಲೆ. ಮೈನೆರೆದ ವರ್ಷ ಮೊದಲ ಸಲ ಬಿದ್ದಳು. ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಳು. ಊರ ವೈದ್ಯೆ ಹಜರತ್‌ಬಿ ಅವಳಿಗೆ ನಿತ್ಯಮದ್ದು ಶುರು ಮಾಡಿದರು, ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಒಂದು. ಅಲ್ಲಿಂದ ಎಂಟೊಂಬತ್ತು ವರ್ಷ ಅಕ್ಕ ಬೀಳಲಿಲ್ಲ. ಮದುವೆಯಾಯಿತು, ಕಳಕವ್ವ ಎಂಬ ಮಗಳು ಹುಟ್ಟಿದಳು. ಆದರೆ ಆ ಗುಳಿಗೆ ಏನನ್ನೂ ಪುಕ್ಕಟೆ ಕೊಡಲಿಲ್ಲ. ಅಕ್ಕನಿಗೆ ಸದಾ ಮಂಪರು. ಕೈಬೆರಳು ಸಣ್ಣಗೆ ನಡುಗುತ್ತಿದ್ದವು. ನಮ್ಮವ್ವ ಊರಿಗೇ ಹೆಸರಾದ ಬಲೆಗಾತಿ, ಅವಳ ಹಿರಿಯ ಮಗಳ ಗಂಟು ನಿಲ್ಲುತ್ತಿರಲಿಲ್ಲ. ಅವಳನ್ನು ಬಲೆ ಬಿಟ್ಟು ನಾರು ಬಿಡಿಸುವ ಕೆಲಸಕ್ಕೆ ಕೂರಿಸಿದರು. ಉಳಿದ ಹೆಂಗಸರು ಹಾಡುತ್ತ ಗಂಟು ಹಾಕುವಾಗ ಅಕ್ಕ ಗೋಡೆಗೊರಗಿ ನಾರು ಎಳೆಯುತ್ತಿದ್ದಳು. ಒಮ್ಮೊಮ್ಮೆ ತನ್ನ ಬೆರಳುಗಳನ್ನು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದಳು.

ಗವಿಸಿದ್ದ ಬರಿಮೈಯವರ ಮುಖಂಡನಾಗಿದ್ದ. ಮೈಗೆ ಹೊರಗಿನದೇನೂ ಬೇಡ, ಮದ್ದು ಮನುಷ್ಯನನ್ನು ಹುದುಗುಮನೆಯ ಹಂಡೆಗೆ ಕಟ್ಟಿಹಾಕುವ ಹಗ್ಗ, ಅದನ್ನು ಹರಿದವನೇ ಗಂಡಸು ಎಂದು ಹೇಳುವವರು ಬರಿಮೈಯವರು. ಅವನಿಗೆ ಒಳ್ಳೆಯ ಕಂಠವಿತ್ತು, ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದ. ನಾನೂ ಅವನನ್ನು ಮೆಚ್ಚಿದ್ದೆ, ಸುಳ್ಳು ಹೇಳಲಾರೆ. ಆದರೆ ಅವನ ಮನೆಯಲ್ಲೇ ಹೆಂಡತಿ ಎರಡು ಹೊತ್ತು ಗುಳಿಗೆ ನುಂಗುತ್ತಿದ್ದಳು, ಜನ ಅದನ್ನು ಆಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಬಿದ್ದಿಲ್ಲ ಅಂದ ಮೇಲೆ ಕಾಯಿಲೆಯೇ ಇಲ್ಲ, ಇಲ್ಲದ ಕಾಯಿಲೆಗೆ ಯಾಕೆ ನುಂಗುತ್ತೀ ಎಂದು ಅವನು ಅಕ್ಕನನ್ನು ದಿನಾ ಕೇಳತೊಡಗಿದ. ಅಕ್ಕ ನೇರವಾಗಿ ಹಜರತ್‌ಬಿಯ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದಳು. ವೈದ್ಯೆ ಗದರಲಿಲ್ಲ. ಬಿಡುವುದೇ ಆದರೆ ಒಮ್ಮೆಲೆ ಬಿಡಬೇಡ, ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಇಳಿಸೋಣ, ಆಗೆಲ್ಲ ಯಾರಾದರೂ ಜೊತೆಗಿರಬೇಕು, ನೀರಿಗೂ ಬೆಂಕಿಗೂ ಒಬ್ಬಳೇ ಹೋಗಬಾರದು, ನಡುವೆ ಒಂದು ಸಲ ಕಣ್ಣು ಕತ್ತಲಿಟ್ಟರೂ ಮತ್ತೆ ಶುರು ಮಾಡಬೇಕು ಎಂದರು. ಅಕ್ಕ ಒಪ್ಪಿ ಬಂದಳು. ಗವಿಸಿದ್ದ ಒಪ್ಪಲಿಲ್ಲ. ಹಗ್ಗವನ್ನು ಯಾರೂ ಎಳೆ ಎಳೆಯಾಗಿ ಹರಿಯುವುದಿಲ್ಲ ಎಂದ. ಮುಂದಿನ ಅಮಾವಾಸ್ಯೆಯ ಕೂಟದಲ್ಲಿ, ನೂರಾರು ಜನರ ಎದುರಿಗೆ, ಅಕ್ಕನ ಕೈಯಿಂದಲೇ ಗುಳಿಗೆಯ ಡಬ್ಬಿಯನ್ನು ಬೆಂಕಿಗೆ ಹಾಕಿಸಿದ.

ಆಮೇಲಿನ ತಿಂಗಳುಗಳನ್ನೂ ನಾನು ಮುಚ್ಚಿಡುವುದಿಲ್ಲ. ಅಕ್ಕ ಅಷ್ಟು ಚೆಲುವಾಗಿ ಬದುಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಂಪರು ಹರಿಯಿತು, ಬೆರಳ ನಡುಕ ನಿಂತಿತು. ಬಲೆಗಾತಿಯರ ಸಾಲಿನಲ್ಲಿ ಹೋಗಿ ಕೂತಳು. ಅವಳು ಕಟ್ಟಿದ ಬಲೆ ಬೆಳಗಿನ ಬೆಳಕಿನಲ್ಲಿ ಜೇಡನ ನೂಲಿನ ಹಾಗೆ ಹೊಳೆಯುತ್ತಿತ್ತು. ನಾನು ಹೆದರಿ ಎಚ್ಚರಿಕೆ ಹೇಳಲು ಹೋದರೆ ನಗುತ್ತಿದ್ದಳು. ಗವಿಸಿದ್ದ ಅವಳನ್ನು ಕೂಟದಿಂದ ಕೂಟಕ್ಕೆ ಕರೆದೊಯ್ದ. ನಿಲ್ಲಿಸಿ, ಕೈ ಚಾಚಿಸಿ, ನಡುಗದ ಬೆರಳುಗಳನ್ನು ಜನರಿಗೆ ತೋರಿಸಿದ. ಅದನ್ನು ನೋಡಿ ಸಕ್ಕರೆಯವರು, ಎದೆಯ ಬೇನೆಯವರು, ಉಬ್ಬಸದವರು ತಮ್ಮ ತಮ್ಮ ಡಬ್ಬಿಗಳನ್ನು ಬೆಂಕಿಗೆ ಹಾಕಿದರು.

ಒಂದು ನಸುಕಿನಲ್ಲಿ ಅಕ್ಕ ಹೊಸ ಬಲೆಯ ಕೆಳಗೆ ನೀರು ತುಂಬಲು ಹೋದಳು. ಹೊಂಡದ ಮೆಟ್ಟಿಲ ಮೇಲೆ ಮೂರ್ಛೆ ಬಂದಿತ್ತು. ಆ ಹೊಂಡದಲ್ಲಿ ಸೊಂಟ ಮುಳುಗುವಷ್ಟು ನೀರೂ ಇರಲಿಲ್ಲ. ನಾವು ಹೋಗುವಷ್ಟರಲ್ಲಿ ಮುಖ ಕೆಳಗಾಗಿ ತೇಲುತ್ತಿದ್ದಳು, ನಾಲಗೆ ಕಚ್ಚಿಕೊಂಡಿದ್ದಳು.

ಗವಿಸಿದ್ದ ಮೂರು ದಿನ ಅನ್ನ ಮುಟ್ಟಲಿಲ್ಲ. ಅವನ ಅಳು ಸುಳ್ಳಾಗಿರಲಿಲ್ಲ. ನಾಲ್ಕನೆಯ ದಿನ ಕೂಟದಲ್ಲಿ ನಿಂತು, ವರ್ಷಗಟ್ಟಲೆ ನುಂಗಿದ ಮದ್ದೇ ನಿಂಬೆವ್ವನ ಮೈಯನ್ನು ಒಳಗೊಳಗೇ ಟೊಳ್ಳು ಮಾಡಿತ್ತು, ಅವಳನ್ನು ಕೊಂದದ್ದು ಹುದುಗುಮನೆ ಎಂದ. ಜನ ನನ್ನ ಕಡೆ ತಿರುಗಿ ನೋಡಿದರು. ಆಗಲೂ ನಾನು ದುಃಖದಲ್ಲಿದ್ದೆನೇ ಹೊರತು ದ್ವೇಷದಲ್ಲಿರಲಿಲ್ಲ. ದ್ವೇಷ ಕೊಟ್ಟವಳು ಮಗು ಕಳಕವ್ವ. ಅವಳನ್ನು ನಾನು ಸಾಕಲು ಕರೆತಂದಿದ್ದೆ. ಒಂದು ದಿನ ಬಿಸಿಲುಮುಚ್ಚಿನಲ್ಲಿ ನನ್ನ ಪಕ್ಕ ಮಲಗಿದ್ದವಳು ತಾನಾಗಿಯೇ ಹೇಳಿದಳು:

"ಅವ್ವನ ಕೈಯಾಗಿಂದ ಗಂಗಾಳ ಬಿದ್ದಿತ್ತು ಸಣ್ಣವ್ವ. ಕರದ್ರ ಓ ಅನಲಿಲ್ಲ, ಸುಮ್ನ ನೋಡಾಕತ್ತಿದ್ಲು. ಆಮ್ಯಾಲ ಅಪ್ಪನ ಹತ್ರ ಗುಳಿಗಿ ಕೇಳಿದ್ಲು. ಹುಣ್ಣಿವಿ ಕೂಟ ಮುಗೀಲಿ, ಅಲ್ಲಿ ತನಕ ಯಾರಿಗೂ ಹೇಳಬ್ಯಾಡ ಅಂದ ಅಪ್ಪ."

ನಾನು ಮಗುವನ್ನು ಇನ್ನೊಮ್ಮೆ ಕೇಳಲಿಲ್ಲ. ಹುಣ್ಣಿಮೆಗೆ ನಾಲ್ಕು ಊರಿನವರು ಬರುವವರಿದ್ದರು, ಅಕ್ಕ ಸತ್ತದ್ದು ಅದರ ಹಿಂದಿನ ದಿನ. ಅವಳು ಮದ್ದು ಬಿಟ್ಟದ್ದು ತನ್ನ ಮನಸ್ಸಿನಿಂದಲೇ ಇರಬಹುದು. ಬೆರಳಿಗಾಗಿ ಬಿಟ್ಟಳು, ಅದನ್ನು ನಾನು ಕ್ಷಮಿಸಬಲ್ಲೆ. ಆದರೆ ಮತ್ತೆ ಬೇಕೆಂದು ಕೇಳಿದವಳಿಗೆ ಅವನು ಕೊಡಲಿಲ್ಲ. ಆ ದಿನದಿಂದ ನಾನು ಅವನ ಮೈ ಕೈಕೊಡುವ ದಿನವನ್ನು ಕಾಯುತ್ತ ಕೂತೆ.

ಕಾಯಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಹುದುಗುಮನೆಯ ಯಜಮಾನಿಯಾಗಿದ್ದೆ, ಬರಿಮೈಯವರ ಸಂಖ್ಯೆಯೂ ಬೆಳೆದಿತ್ತು, ಅವರ ಸಮಾಧಿಗಳೂ ಬೆಳೆದಿದ್ದವು. ಗವಿಸಿದ್ದ ಇದ್ದಕ್ಕಿದ್ದಂತೆ ಸೊರಗತೊಡಗಿದ. ಎಷ್ಟು ನೀರು ಕುಡಿದರೂ ಬಾಯಾರಿಕೆ, ಕಾಲಿನ ಗಾಯ ಮಾಯುತ್ತಿಲ್ಲ ಎಂದು ಜನ ಪಿಸುಗುಟ್ಟಿದರು. ಸಕ್ಕರೆ ಕಾಯಿಲೆ ಎಂದು ನನಗೆ ತಿಳಿಯಿತು; ದಿನಾ ಸೂಜಿಮದ್ದು ಬೇಕು, ಇಲ್ಲದಿದ್ದರೆ ಉಳಿಯಲಾರ. ಒಂದು ಸಂಜೆ ಅವನು ಹುದುಗುಮನೆಯ ಹಿಂಬಾಗಿಲಿಗೆ ಬಂದ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಹಜರತ್‌ಬಿ ತೀರಿಕೊಳ್ಳುವ ಮುಂಚೆ ತನ್ನ ಕಾಯಿಲೆ ಏನು, ಅದಕ್ಕೆ ಯಾವ ಮದ್ದು ಬೇಕು ಎಂದು ಎಲ್ಲ ಹೇಳಿದ್ದರೆಂದೂ, ಮದ್ದನ್ನು ಯಾರ ಮೂಲಕವಾದರೂ ಮನೆಗೆ ಕಳಿಸಬೇಕೆಂದೂ ತಲೆ ತಗ್ಗಿಸಿ ಕೇಳಿದ. ಕೇಳಿದವರಿಗೆ ಮದ್ದು ಇಲ್ಲವೆನ್ನಬಾರದು, ಅದು ಹುದುಗುಮನೆಯ ಮೊದಲ ಕಟ್ಟಳೆ. ಆ ಹೊತ್ತು ಅವನಿಗೆ ಬೇಕಾದ ಸೂಜಿಯನ್ನು ಅಲ್ಲೇ ಹಾಕಿದೆ. ಅವನ ಉಸಿರು ಹದಕ್ಕೆ ಬರುವ ತನಕ ಎದುರಿಗೆ ಕೂತಿದ್ದು, ಆಮೇಲೆ ನಾಳೆಯಿಂದ ಮದ್ದು ಎಲ್ಲಿ ಸಿಗುತ್ತದೆಂದು ತಿಳಿಸಿದೆ. ಊರವರೆಲ್ಲ ಸಾಲು ನಿಲ್ಲುವ ಮುಂಗಟ್ಟೆಯ ಮೇಲೆ, ಬೆಳಕು ಹರಿದ ಮೇಲೆ. ಸೂಜಿಗೆ ತೋಳು ಚಾಚುವ ಮೊದಲು ನಿಂಬೆವ್ವ ಗುಳಿಗೆ ಕೇಳಿದ್ದಳೆಂದೂ ತಾನು ಕೊಡಲಿಲ್ಲವೆಂದೂ ಗಟ್ಟಿಯಾಗಿ ಹೇಳಬೇಕು.

"ಬೇಕಾದ್ರ ಸಾಯಾಕ ಬಿಡು ಬಾಳವ್ವ," ಎಂದ. "ಇದೊಂದು ಕೇಳಬ್ಯಾಡ."

"ಸಾಯಾಕ ಬಿಡಂಗಿಲ್ಲ ಮಾವಾರ. ನಿಮ್ಮನ್ನ ಬದುಕಸ್ತೀನಿ."

ಮರುದಿನ ಅವನು ಬರಲಿಲ್ಲ. ಅದರ ಮರುದಿನ ಬಂದ. ಇಬ್ಬರು ಶಿಷ್ಯರ ಹೆಗಲ ಮೇಲೆ ಕೈಹಾಕಿಕೊಂಡು ಬಂದ, ಅವರಿಗೆ ಎಲ್ಲಿಗೆಂದು ಹೇಳಿರಲಿಲ್ಲ. ಕಟ್ಟೆ ಹತ್ತಿ, ಎಷ್ಟೋ ಕೂಟಗಳನ್ನು ಅಲುಗಿಸಿದ್ದ ಅದೇ ಕಂಠದಲ್ಲಿ, ಆದರೆ ಸಾಲಿನ ಕೊನೆಯವರಿಗೆ ಕೇಳದಷ್ಟು ಸಣ್ಣಗೆ ಹೇಳಿದ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದೆ. ಹೇಳಿದ. ಶಿಷ್ಯರ ಕೈ ಅವನ ಬಗಲಿನಿಂದ ಜಾರಿತು. ಬರಿಮೈಯವರ ಮಾತು ನಂಬಿ ಮದ್ದು ಬಿಟ್ಟ ಮಗನನ್ನು ಕಳೆದುಕೊಂಡಿದ್ದ ಒಬ್ಬ ಮುದುಕಿ ಸಾಲಿನಿಂದ ಹೊರಬಂದು ಅವನ ಮುಖವನ್ನೇ ನೋಡುತ್ತ ನಿಂತಳು. ನಾನು ಅವನ ತೋಳು ಒರೆಸಿ, ನೋವಾಗದಂತೆ ಸೂಜಿ ಚುಚ್ಚಿದೆ. ನನಗೆ ಹೇಳಲಾರದಷ್ಟು ಹಿಗ್ಗಾಯಿತು. ಅಂದಿನಿಂದ ಮುಂಜಾನೆ ಏಳುವುದೇ ಒಂದು ಹಬ್ಬವಾಯಿತು. ಅವನು ಬಂದ, ಹೇಳಿದ, ತೋಳು ಚಾಚಿದ. ಕಾಲಿನ ಗಾಯ ಮಾಯಿತು, ಕೆನ್ನೆ ತುಂಬಿಕೊಂಡಿತು. ಅವನ ಮೈ ತುಂಬಿದಷ್ಟೂ ಅವನ ಕೂಟ ಬರಿದಾಯಿತು. ಡಬ್ಬಿ ಸುಟ್ಟವರು ಒಬ್ಬೊಬ್ಬರಾಗಿ ಸಾಲಿಗೆ ಬಂದು ನಿಂತರು.

ಎರಡು ಬೇಸಿಗೆ ಹೀಗೆ ನಡೆಯಿತು. ಆಮೇಲೆ ಊರ ಹಿರಿಯರು ನನ್ನನ್ನು ಕರೆಸಿದರು. ಮದ್ದಿಗೆ ಷರತ್ತು ಹಾಕುವ ಹಕ್ಕು ಯಾರಿಗೂ ಇಲ್ಲ, ನೀನು ಸೂಜಿಯನ್ನು ಚಾಟಿ ಮಾಡಿಕೊಂಡಿದ್ದೀ ಎಂದರು. ಅವರ ಮಾತು ಸರಿ. ನನ್ನನ್ನು ಯಜಮಾನಿಕೆಯಿಂದ ಇಳಿಸಿದರು. ನಾನು ಬೇಡವೆನ್ನಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಅವನ ಮದ್ದು ಮನೆಗೇ ಹೋಗತೊಡಗಿತು. ಅವನು ಮುಪ್ಪಾಗಿ, ತನ್ನ ಹಾಸಿಗೆಯಲ್ಲಿ, ನಿದ್ದೆಯಲ್ಲಿ ಸತ್ತ. ಈಗ ಬರಿಮೈಯವರು ಮತ್ತೆ ಚಿಗುರಿದ್ದಾರೆ. ಅವನಿಗೆ ಕಲ್ಲು ನಿಲ್ಲಿಸಿದ್ದಾರೆ. ಆರೋಗ್ಯವಂತನಾದ ಗುರುವಿಗೆ ದ್ವೇಷದ ಹೆಂಗಸೊಬ್ಬಳು ಬಲವಂತದ ವಿಷ ಚುಚ್ಚಿದಳು, ಅದನ್ನು ಅವನು ಶಾಂತನಾಗಿ ಸಹಿಸಿದ ಎಂದು ಅಲ್ಲಿ ಹಾಡು ಹೇಳುತ್ತಾರೆ. ಕಳಕವ್ವನ ಮೊಮ್ಮಕ್ಕಳು ಆ ಹಾಡನ್ನು ಕಲಿತು ಬಂದು ನನ್ನ ಮುಂದೆಯೇ ಹಾಡಿದರು. ಅದಕ್ಕಾಗಿ ಈ ಓಲೆ.

ಕಳಕವ್ವನಿಗೂ ತಾಯಿಯ ಕಾಯಿಲೆ ಬಂತು, ನಿಮ್ಮಲ್ಲಿ ಕೆಲವರಿಗೂ ಬಂದೀತು. ಅವಳೂ ಹದಿನೆಂಟರಲ್ಲಿ, ಮದ್ದು ಬಿಡಲೇ ಸಣ್ಣವ್ವ ಎಂದು ನನ್ನನ್ನು ಕೇಳಿದಳು. ಅವಳ ಬೆರಳುಗಳೂ ನಡುಗುತ್ತಿದ್ದವು. ಬಿಡಬೇಡ ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಲು ನನಗೆ ಮನಸ್ಸಾಗಲಿಲ್ಲ. ಅವಳ ತಾಯಿ ಆ ಕೆಲವು ತಿಂಗಳು ಎಷ್ಟು ಚೆಂದ ಬಲೆ ಕಟ್ಟಿದಳೆಂದು ಹೇಳಿದೆ, ಹೊಂಡದಲ್ಲಿ ಹೇಗೆ ಸಿಕ್ಕಳೆಂದೂ ಹೇಳಿದೆ. ಹೊಸ ವೈದ್ಯರ ಹತ್ತಿರ ಜೊತೆಗೆ ಹೋದೆ. ಅವರು ವರ್ಷವಿಡೀ ಕಾದು ನೋಡಿ ಒಂದು ಗುಳಿಗೆಯನ್ನು ಇಳಿಸಿದರು, ಬೇರೊಂದನ್ನು ಶುರು ಮಾಡಿದರು. ನಡುಕ ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ಅವಳ ಗಂಟುಗಳು ಇವತ್ತಿಗೂ ತುಸು ಸಡಿಲು. ಅವಳು ಇದ್ದಾಳೆ, ಬೈಯುತ್ತಾಳೆ, ನನಗಿಂತ ಮೊದಲು ಎದ್ದು ಅಂಬಲಿ ಕಾಯಿಸುತ್ತಾಳೆ.

ನಿಮ್ಮ ಮನೆಯಲ್ಲಿ ಯಾರಾದರೂ ಇನ್ನು ಸಾಕು ಎಂದು ಡಬ್ಬಿಯನ್ನು ದೂರ ತಳ್ಳಿದರೆ, ಬೈಯಬೇಡಿ. ಅದು ಅವರಿಂದ ಏನನ್ನು ಕಿತ್ತುಕೊಳ್ಳುತ್ತಿದೆ ಎಂದು ಕೇಳಿ, ಬಲ್ಲವರ ಹತ್ತಿರ ಜೊತೆಗೆ ಹೋಗಿ. ಅವರ ಮೈಯನ್ನು ತನ್ನ ಮಾತಿಗೆ ಸಾಕ್ಷಿ ಮಾಡಿಕೊಳ್ಳಲು ಬರುವವನನ್ನು ಮಾತ್ರ ಹೊಸಿಲು ದಾಟಿಸಬೇಡಿ. ಬಿಟ್ಟವರು ಮತ್ತೆ ಬೇಕೆಂದು ಕೇಳಿದರೆ, ಯಾವ ಹುಣ್ಣಿಮೆಗೂ ಕಾಯದೆ ಆ ಗಳಿಗೆಯಲ್ಲೇ ಕೊಡಿ.

ಇದು ನನ್ನ ಕೊನೆಯ ಕೋರಿಕೆ. ಹಿರಿಯರ ಹಬ್ಬದ ದಿನ ಹೆಸರು ಹಿಡಿದು ಎಡೆ ಇಡುವಾಗ ನನ್ನದು ಮರೆತರೂ ಚಿಂತೆಯಿಲ್ಲ. ನಿಂಬೆವ್ವನಿಗೆ ಹೋಳಿಗೆ ಇಡಿ, ತುಪ್ಪ ಧಾರಾಳವಾಗಿ ಹಾಕಿ, ಅವಳಿಗೆ ಇಷ್ಟ. ಗವಿಸಿದ್ದನ ಹೆಸರಿಗೆ ಎಲೆ ಹಾಸಬೇಡಿ. ಅವನು ನಿಮ್ಮ ಹಿರಿಯನೇ ಎಂಬುದನ್ನು ಬಲ್ಲೆ, ಅದಕ್ಕೇ ಕೇಳುತ್ತಿದ್ದೇನೆ. ಬಾಗಿಲಾಚೆ ಹಸಿದು ನಿಂತು ಕೇಳಲಿ. ಕೇಳಿದವರಿಗೆ ಕೊಡದಿದ್ದರೆ ಹೇಗಿರುತ್ತದೆಂದು ತಿಳಿಯಲಿ.

ಬಾಳವ್ವ