ಹ್ಞೂಂ ಅನ್ನೋದು ಬಿಟ್ಟಿಲ್ಲ ಸುಂದರಾ

ಸುಂದರಾ, ಈ ಚೀಟಿ ಫೋನಿಗೆ ಬಾಯಿಲೆ ಹೇಳಿ ಬರಸೀನಿ. ಪೂರಾ ಓದಿ ಆಮ್ಯಾಲ ಬೈಯಿ.

ಹಾಲು ಕಾಸೀನಿ, ಆರಿದ ಮ್ಯಾಲ ಫ್ರಿಜ್‌ನಾಗ ಇಡು. ಮಧ್ಯಾಹ್ನ ನನಗ ಅಡಿಗಿ ಬ್ಯಾಡ.

ವಾರದಿಂದ ನನ್ನ ಫೋನಿನಾಗ ಬರೇ ಕಿವಿ ಮಷೀನಿನ ಜಾಹೀರಾತು. ಸುದ್ದಿ ತಗದ್ರ ಕಿವಿ, ಪಂಚಾಂಗ ತಗದ್ರ ಕಿವಿ. ಸಾಕಾಗಿ ಮೊಮ್ಮಗಳು ಸಂಪದಾನ್ನ ಕೇಳಿದೆ. "ಅಜ್ಜಾ, ಮನಿಗೆಲ್ಲಾ ಒಂದ ವೈಫೈ. ಅಜ್ಜಿ ಟ್ಯಾಬಿನಾಗ ಹುಡುಕಿದ್ದು ನಿಮಗ ಬರಾಕತ್ತೈತಿ. ಬಂದ್ ಮಾಡ್ಲೇನು?" ಅಂದ್ಲು.

ನನಗಂತ ಕಿವಿ ಮಷೀನು ಹುಡುಕಿದಾಕಿ ನೀನ! ಅಲ್ಲಾ, ನಾ ಕಥಿ ಹೇಳುವಾಗ ನೀ ಹ್ಞೂಂ ಅನ್ನೋದ ಬಿಟ್ಟೀಯಂತ ತಿಂಗಳಗಟ್ಟಲೆ ಸಿಟ್ಟಿಲೆ ಕುಂತಿದ್ನಲ್ಲ! ನೀ ಅನ್ನಾಕತ್ತಿದ್ದಿ, ನನಗ ಕೇಳಸ್ತಿರಲಿಲ್ಲ. ಮಾರಿಗೆ ಹೇಳಾಕ ಏನಾಗಿತ್ತ ನಿನಗ?

ಜಾಹೀರಾತು ಬಂದ್ ಮಾಡಬ್ಯಾಡ ಅಂದೀನಿ. ಮನಿ ಮಾತು ಅಂಗಡಿಗೆ ಮುಟ್ಟಸ್ತೈತಿ, ಖರೆ. ಆದ್ರ ನೀ ಮುಚ್ಚಿಟ್ಟಿದ್ದು ನನಗ ಹೇಳಿದ್ದು ಅದೊಂದ.

ಜಗಳಾಡಿ ಸಾಕಾಗೇತಿ. ಕಿವಿ ತೋರಸಾಕ ಮೆಟ್ರೋದಾಗ ನಾಂಪಲ್ಲಿಗೆ ಹೊಂಟೀನಿ. ಹಿಂದ ಅಲ್ಲಿ ಎಕ್ಸಿಬಿಷನ್ ಗದ್ದಲದಾಗ ನೀ ಕಳದ ಹೋಗಿದ್ದ ಕಥಿನ ಸಂಜಿಕ ಮತ್ತ ಹೇಳ್ತೀನಿ. ಮಗ್ಗಲದಾಗ ಕುಂತು ಹ್ಞೂಂ ಅನ್ನು. ಒದರಬ್ಯಾಡ.

ಗುರುರಾಜ