ಅತ್ತಿಗೆ ಸತ್ತ ಮೇಲಿನ ಎರಡು ನಿಮಿಷ

ಪ್ರಸಾರ ನಿಯಂತ್ರಣಾಧಿಕಾರಿಗಳೇ,

ನನ್ನ ಅತ್ತಿಗೆ ತೀರಿಕೊಂಡ ಹನ್ನೊಂದನೆಯ ದಿನ ಅವಳ ಹೆಸರಿಗೆ ತಮ್ಮ ನೋಟಿಸ್ ಬಂತು. ಪರವಾನಗಿ ಇಲ್ಲದೆ ರೇಡಿಯೋ ಪ್ರಸಾರ ನಡೆಸಿದ್ದಕ್ಕಾಗಿ 'ಖುದ್ದು ಹಾಜರಾಗತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ' ಎಂದಿತ್ತು. ಅವಳು ತಪ್ಪಿದ್ದಾಳೆ. ಮುಂದಿನ ಕ್ರಮ ಏನೆಂದು ತಿಳಿಯುವ ಕುತೂಹಲ ನಮಗೂ ಇದೆ. ನೋಟಿಸ್ ತಂದ ಇಬ್ಬರು ನೌಕರರು ಅವಳ ಕಂಪ್ಯೂಟರನ್ನೂ ಹೊತ್ತೊಯ್ದರು. ದಿನದಿನದ ಪ್ರಸಾರವೆಲ್ಲ ಅದರೊಳಗೇ ಉಳಿಯುತ್ತಿತ್ತು. ಕೊನೆಯ ದಿನದ್ದನ್ನು ತೆರೆದು ಕೇಳುವ ಧೈರ್ಯ ನಮಗೆ ಅಷ್ಟರವರೆಗೆ ಬಂದಿರಲಿಲ್ಲ.

ಅವಳು ಇಪ್ಪತ್ತಾರು ವರ್ಷ ಬಾನುಲಿ ಕೇಂದ್ರದಲ್ಲಿ ಉದ್ಘೋಷಕಿಯಾಗಿದ್ದಳು. ಕೇಳುವವರಿಲ್ಲ ಎಂದು ತಮ್ಮ ಇಲಾಖೆಯೇ ಆ ಕೇಂದ್ರವನ್ನು ಮುಚ್ಚಿತು. ಆಮೇಲೆ ನಮ್ಮ ಬಾಗಿಲಿಗೆ ಕಾಗದಗಳು ಬರತೊಡಗಿದವು. ಬೆನ್ನುಮೂಳೆ ಮುರಿದು ಮಲಗಿದ್ದ ಬಸ್ ಚಾಲಕನೊಬ್ಬ ಬರೆದಿದ್ದ: 'ನಾಲ್ಕು ಗಂಟೆ ಆಯ್ತು ಅಂತ ಈಗ ಯಾರೂ ಹೇಳೋದಿಲ್ಲ ಅಕ್ಕಾ.' ಅತ್ತಿಗೆ ಆ ಕಾಗದವನ್ನು ಎರಡು ದಿನ ಸೆರಗಿನಲ್ಲೇ ಇಟ್ಟುಕೊಂಡು ಓಡಾಡಿದಳು. ಮೂರನೆಯ ದಿನ ಟಿ.ವಿ. ರಿಪೇರಿಯವನನ್ನು ಕರೆಸಿದಳು.

ಅವನು ತೋರಿಸಿಕೊಟ್ಟ ದಾರಿ ಸರಳವಾಗಿತ್ತು. ಗೋಪುರ ಬೇಡ, ದೊಡ್ಡ ಯಂತ್ರ ಬೇಡ. ಅವಳ ದನಿ ಚೂರುಚೂರಾಗಿ ಮೊದಲ ನಾಲ್ಕೈದು ಮನೆಗೆ ಹೋಗುತ್ತದೆ. ಅವರ ಕಂಪ್ಯೂಟರು, ಫೋನುಗಳೇ ಅದನ್ನು ಮುಂದಿನವರಿಗೆ ದಾಟಿಸುತ್ತವೆ. 'ಕೇಳೋಕೆ ಬಂದೋರೆಲ್ಲ ಕೊಡೋಕೂ ಬಂದಂಗೇ' ಅಂದ. ಒಂದೇ ತೊಡಕು, ಸರದಿಯ ಕೊನೆಯಲ್ಲಿರುವವರಿಗೆ ಮಾತು ಎರಡು ನಿಮಿಷ ತಡವಾಗಿ ತಲುಪುತ್ತದೆ. ಅತ್ತಿಗೆ ನಕ್ಕಳು: 'ಇಪ್ಪತ್ತಾರು ವರ್ಷ ಗಡಿಯಾರ ನೋಡ್ಕೊಂಡು ಮಾತಾಡಿದೀನಿ. ಇನ್ನು ಎರಡು ನಿಮಿಷ ಹಿಂದೆಮುಂದೆ ಆದ್ರೆ ಯಾರ ಗಂಟು ಹೋಗುತ್ತೆ?' ಪರವಾನಗಿಗೆ ಮೂರು ಸಲ ಅರ್ಜಿ ಹಾಕಿದಳು. ತಾವು ಒಂದಕ್ಕೂ ಉತ್ತರಿಸಲಿಲ್ಲ. ಮೌನವೇ ಸಮ್ಮತಿ ಎಂದುಕೊಂಡಿದ್ದು ಅವಳ ತಪ್ಪೇ ಇರಬೇಕು; ಕಚೇರಿಗಳ ಮೌನಕ್ಕೆ ಬೇರೆ ಅರ್ಥಗಳಿವೆ ಎಂದು ಅವಳಿಗೆ ಹೇಳಿಕೊಟ್ಟವರಿರಲಿಲ್ಲ.

ನಾನು ಕೃತಕ ಹಲ್ಲು ತಯಾರಿಸುವವನು. ನನ್ನ ಕೆಲಸದ ಕೋಣೆ ಅಣ್ಣನ ಮನೆಯ ಎದುರಿಗೇ, ರಸ್ತೆಯ ಆಚೆ ಬದಿಗಿದೆ. ಆ ಮಧ್ಯಾಹ್ನ ಒಂದು ಕೆಳದವಡೆಯ ಸೆಟ್ಟನ್ನು ಉಜ್ಜುತ್ತಿದ್ದೆ. ಫೋನು ಕಿಟಕಿಯ ಮೇಲಿತ್ತು, ಅತ್ತಿಗೆ ಯಾರದೋ ಕಾಗದ ಓದುತ್ತಿದ್ದಳು. ಅಣ್ಣ ಬರಿಗಾಲಲ್ಲಿ ಓಡಿಬಂದು ಬಾಗಿಲು ಹಿಡಿದು ನಿಂತ.

'ಬೇಗ ಬಾರೋ, ಅವಳು ಬಿದ್ಬಿಟ್ಳು. ಮಾತೇ ಆಡ್ತಿಲ್ಲ.'

'ಏನಣ್ಣಾ, ಮಾತಾಡ್ತಾನೇ ಇದಾಳಲ್ಲ!' ಎಂದು ನಾನು ಫೋನು ತೋರಿಸಿದೆ.

ಅಣ್ಣ ಫೋನಿನತ್ತ ನೋಡಿದ. ಆ ಮುಖವನ್ನು ನನ್ನಿಂದ ಬರೆಯಲಾಗುವುದಿಲ್ಲ. ಅವನೂ ಒಂದು ಕ್ಷಣ ನಂಬಿಬಿಟ್ಟ, ಅಧಿಕಾರಿಗಳೇ. ಎದ್ದು ಕೂತಿದ್ದಾಳೆ, ಮತ್ತೆ ಓದುತ್ತಿದ್ದಾಳೆ ಎಂದು ಅವನ ಕಣ್ಣು ಅರಳಿತು. ನಾವಿಬ್ಬರೂ ನಿಂತು ಕೇಳಿದೆವು. ಎಷ್ಟು ಹೊತ್ತೋ ತಿಳಿಯದು. ಮನೆ ಎದುರಿಗಿದ್ದರೂ ಸರದಿಯಲ್ಲಿ ನಾನು ಕೊನೆಯವರಲ್ಲೊಬ್ಬ, ತಡವಾಗಿ ಬರುವ ದನಿಯಿದು ಎಂದು ಹೊಳೆದಾಗ ನಾನು ಉಜ್ಜುವ ಯಂತ್ರವನ್ನೂ ಆರಿಸದೆ ಓಡಿದೆ. ರಸ್ತೆ ದಾಟುವಾಗಲೂ ಕಿಟಕಿಯಿಂದ ಅವಳ ಮಾತು ಬೆನ್ನಟ್ಟಿ ಬರುತ್ತಿತ್ತು. ಒಳಗೆ ಹೋದರೆ ಅವಳು ಮೇಜಿನ ಮೇಲೆ ಕೆನ್ನೆಯಿಟ್ಟಿದ್ದಳು. ಕನ್ನಡಕ ಒಂದು ಕಿವಿಗೆ ಮಾತ್ರ ಸಿಕ್ಕಿಕೊಂಡಿತ್ತು.

'ನೀವು ತಕ್ಷಣ ಬಂದಿದ್ರೂ ಏನೂ ಆಗ್ತಿರ್ಲಿಲ್ಲ' ಎಂದರು ಬೀದಿಯ ಕೊನೆಯ ಮನೆಯ ಡಾಕ್ಟರು. ಡಾಕ್ಟರುಗಳು ಈ ಮಾತನ್ನು ಎಲ್ಲರಿಗೂ ಹೇಳುತ್ತಾರೆ. ಅಣ್ಣ ಗೋಡೆ ಗಡಿಯಾರ ನೋಡಿದ್ದ. ಅವರು ಅದನ್ನೇ ಬರೆದುಕೊಂಡರು: ನಾಲ್ಕು ಹದಿನೇಳು.

ಅವರು ಕೊಟ್ಟ ಮರಣ ಪ್ರಮಾಣಪತ್ರ ಹಿಡಿದು ತಮ್ಮ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು ಕಡತ ಬಿಚ್ಚಿ, ಬೆರಳಿಟ್ಟು ಓದಿ, ಕನಿಕರದಿಂದಲೇ ಹೇಳಿದರು: 'ನೋಡಿ ಸ್ವಾಮಿ, ನಮ್ಮ ವರದಿ ಪ್ರಕಾರ ಇವರು ನಾಲ್ಕು ಹತ್ತೊಂಬತ್ತರ ತನಕ ಮಾತಾಡಿದಾರೆ. ನಿಮ್ಮದ್ರಲ್ಲಿ ಹದಿನೇಳು ಅಂತಿದೆ. ಹೊಂದಾಣಿಕೆ ಆಗ್ತಿಲ್ಲ. ತಿದ್ದಿಸ್ಕೊಂಡು ಬನ್ನಿ.'

ಯಾವುದನ್ನು ತಿದ್ದಿಸಲಿ? ಸಾವನ್ನೋ, ದನಿಯನ್ನೋ? ಸತ್ತ ಮೇಲೆ ಎರಡು ನಿಮಿಷ ಹೆಚ್ಚಿಗೆ ಮಾತಾಡಿದ್ದಕ್ಕೆ ಪ್ರತ್ಯೇಕ ಕಲಮೇನಾದರೂ ಇದೆಯೇ?

ದನಿಯನ್ನು ಮುಂದೆ ದಾಟಿಸಿದವರೆಲ್ಲ 'ಸಹ-ಪ್ರಸಾರಕರು' ಎಂದು ತಾವು ಅರುವತ್ತೆರಡು ಮಂದಿಗೆ ನೋಟಿಸ್ ಕೊಟ್ಟಿರಿ. ಮಗ್ಗಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದ ಆ ಬಸ್ ಚಾಲಕ ಈಗ ಆರೋಪಿ. ಹೆದರಿದ ಜನ ತಂತಮ್ಮ ಬಳಿ ಉಳಿದಿದ್ದ ಚೂರುಪಾರನ್ನೂ ಅಳಿಸಿಹಾಕಿದರು. ನನ್ನ ಫೋನಿನಲ್ಲಿ ಏನೂ ಉಳಿದಿರಲಿಲ್ಲ. ಆದರೆ ರಿಪೇರಿಯವನ ಪಟ್ಟಿಯಲ್ಲಿ ಆ ದಿನ ಇದ್ದದ್ದು ಅರುವತ್ತಮೂರು ವಿಳಾಸ. ಉಳಿದ ಒಂದು ತಮ್ಮ ಕಚೇರಿಯ ಯಂತ್ರದ್ದು. ಕೇಳದೆ ವರದಿ ಬರೆಯಲಾಗದು, ಕೊಡದೆ ಕೇಳಲಾಗದು. ಅಂದರೆ ನನ್ನ ಅತ್ತಿಗೆಯ ಕೊನೆಯ ಮಾತನ್ನು ಯಾರದೋ ಕಿವಿಗೆ ತಾವೂ ದಾಟಿಸಿದ್ದೀರಿ. ಇದನ್ನು ಆರೋಪವೆಂದು ತಿಳಿಯಬೇಡಿ. ತಾವು ಮಾಡಿದ ಒಂದೇ ಒಂದು ಉಪಕಾರ ಅದು, ಗೊತ್ತಿಲ್ಲದೆ ಆಗಿಹೋಗಿದೆ.

ಮೊನ್ನೆ ಅಣ್ಣ ಊಟಕ್ಕೆ ಕೂತವನು ಕೈ ನಿಲ್ಲಿಸಿ ಕೇಳಿದ: 'ನಿನ್ನ ಫೋನಲ್ಲಿ ಅವಳು ಕೊನೇಗೆ ಏನಂದ್ಲೋ?'

ನನಗೆ ಗೊತ್ತಿಲ್ಲ. ಇಬ್ಬರೂ ಕೇಳಿದೆವು, ಒಂದು ಪದವೂ ನಿಲ್ಲಲಿಲ್ಲ. ದನಿ ಬರುತ್ತಿದೆ ಎಂಬುದಷ್ಟೇ ನಮಗೆ ಬೇಕಾಗಿತ್ತು. ಈಗ ಹಲ್ಲಿನ ಸಾಲು ಕೈಗೆತ್ತಿಕೊಂಡರೆ ಸಾಕು, ಅದು ತೆರೆದುಕೊಂಡು ಏನೋ ಹೇಳಲು ಹೊರಟಂತೆ ಕಾಣುತ್ತದೆ. ಕೆಲಸ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಆ ಓದಿನ ನಡುವೆ ಅವಳಿಗೆ ಉಸಿರು ಕಟ್ಟಿತ್ತೇ? ನಾಲಿಗೆ ತೊದಲಿತ್ತೇ? ಯಂತ್ರದ ಸದ್ದಿನಲ್ಲಿ ನಾನು ಅದನ್ನು ಗಮನಿಸದೇ ಹೋದೆನೇ?

ಕಂಪ್ಯೂಟರನ್ನು ಇಟ್ಟುಕೊಳ್ಳಿ, ಬೇಕಾದರೆ ಹರಾಜು ಹಾಕಿ. ಅರುವತ್ತೆರಡು ಮಂದಿಯ ನೋಟಿಸು ವಾಪಸು ಪಡೆಯಿರಿ. ಆರೋಪಿ ಬೇಕೇ ಬೇಕೆಂದರೆ ನಾನೊಬ್ಬನಿದ್ದೇನೆ. ಆ ಎರಡು ನಿಮಿಷದ ಧ್ವನಿಮುದ್ರಣವನ್ನು ಮಾತ್ರ ನಮಗೆ ಕೊಡಿ. ಅದರೊಳಗೆ ಏನೇ ಇರಲಿ. ಅಣ್ಣನ ಪಕ್ಕ ಕೂತು, ಈ ಸಲ ಪ್ರತಿ ಪದವನ್ನೂ ಕೇಳುತ್ತೇನೆ.

ಇಂತಿ,
ದನಿಯನ್ನು ನಂಬಿ ಅಣ್ಣನನ್ನು ನಂಬದೆ ಹೋದ
ಮೈದುನ