ಮೂರನೆಯ ಬಂದೂಕಿಗೆ ಊದದ ಉಸಿರು

ಲೂಯಿಸ್‌ಟೌನ್, ಮೊಂಟಾನಾ
ಜುಲೈ 9, 2011

ವೆಂಡಲ್‌ಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಕ್ಷೇಮ ವಿಚಾರಿಸುವ ಮನಸ್ಸೂ ಇಲ್ಲ. ಕ್ಲಬ್ಬಿನ ಪತ್ರಿಕೆಯಲ್ಲಿ ನೀನು ಬರೆದದ್ದನ್ನು ಓದಿದೆ. ಹಳೆಗಾಲದ ಒಂಟಿಗುಂಡಿನ ಬಂದೂಕುಗಳನ್ನು ಈಗ ಹೊಸದಾಗಿ ಮಾಡುವವರಲ್ಲಿ ಯಾರು ಮೇಲು ಎಂದು ತೂಗಿ ನೋಡಿದ್ದೀಯ. ಇಟಲಿಯ ಕಾರ್ಖಾನೆ ಮೊದಲು, ವಯೋಮಿಂಗಿನ ಅಣ್ಣತಮ್ಮಂದಿರು ಎರಡನೆಯವರು, ನನ್ನ ಅಪ್ಪ ಕೊನೆ. ‘ಆಲ್ಫ್ ಟ್ವೈಟರ ಕೈ ಸೋತಿದೆ, ಇನ್ನು ವಿಶ್ರಾಂತಿ ಪಡೆಯುವುದು ಲೇಸು’ ಅಂತೆ! ಉಂಡ ಮನೆಗೆ ಎರಡು ಬಗೆದೆಯಲ್ಲ. ಸೀಸ ಕಾಯಿಸಿ ಗುಂಡು ಎರಕ ಹೊಯ್ಯಲು ನಿನಗೆ ಕಲಿಸಿದ್ದು ಅದೇ ಕೈ.

ಇಟಲಿಯದರ ಮರ ಚೆಂದ, ಒಪ್ಪಿದೆ. ಟ್ರಿಗರ್ ಮಾತ್ರ ಮಳೆಗೆ ಉಬ್ಬಿದ ಬಾಗಿಲು. ವಯೋಮಿಂಗಿನವರ ಕೆಲಸ ಅಚ್ಚುಕಟ್ಟು, ಅದನ್ನೂ ಒಪ್ಪುತ್ತೇನೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನೀನು ಮಾಡಿದ್ದು ಪರೀಕ್ಷೆಯೇ ಅಲ್ಲ.

ನೀನು ಮೂರನ್ನೂ ಹೊಡೆದು ನೋಡಿದ ದಿನ, ಗುಂಡು ಗುರಿಗೆ ತಗುಲಿತೋ ಇಲ್ಲವೋ ನೋಡಿ ಹೇಳಲು ಬೇರೆ ಯಾರೂ ಸಿಗದೆ ಕ್ಲಬ್ಬಿನವರು ನನ್ನನ್ನೇ ದುರ್ಬೀನಿನ ಹಿಂದೆ ಕೂರಿಸಿದ್ದರು. ಕರಿಮದ್ದು ಸುಟ್ಟರೆ ನಳಿಗೆಯೊಳಗೆ ಮಸಿ ಒಣಗಿ ಕಲ್ಲಾಗುತ್ತದೆ. ಪ್ರತಿ ಗುಂಡಿನ ನಂತರ ಕೊಳವೆಯಿಟ್ಟು ಮೂರು ಸಲ ಉಸಿರು ಊದಿ ಮೆತ್ತಗೆ ಮಾಡದಿದ್ದರೆ, ದೇವರೇ ಮಾಡಿದ ಬಂದೂಕೂ ಗುರಿ ತಪ್ಪುತ್ತದೆ. ಮೊದಲ ಎರಡಕ್ಕೂ ನೀನು ಊದಿದೆ. ನಮ್ಮದರ ಸರದಿ ಬಂದಾಗ ಮಧ್ಯಾಹ್ನ, ಒಣಗಾಳಿ, ನಿನ್ನ ಬಾಯಿಗೆ ಬೇರೆ ಕೆಲಸ. ನನಗೆ ಕೇಳಲೆಂದೇ, "ಇದು ನಮ್ ಮಾವನ್ ಬಂದೂಕು ಕಣ್ರೋ, ಅವ್ರ ಮಗಳ ಥರಾನೇ, ಹೇಳಿದ್ ಕಡೆ ಹೋಗಲ್ಲ!" ಎಂದು ಗೆಳೆಯರನ್ನು ನಗಿಸಿದೆ. ಹತ್ತು ಗುಂಡು ಹೊಡೆದೆ. ಒಮ್ಮೆಯೂ ಊದಲಿಲ್ಲ. ಗುರಿಯೆಂದು ನಿಲ್ಲಿಸಿದ್ದ ಕಬ್ಬಿಣದ ಟಗರಿಗೆ ತಗುಲಿದ್ದು ಮೊದಲ ಮೂರು ಮಾತ್ರ.

ಆಗಲೇ ಯಾಕೆ ಹೇಳಲಿಲ್ಲ ಎನ್ನುತ್ತೀಯ. ನಾವು ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಮೊದಲ ಮಾತೇ ಜಗಳವಾಗುವುದು ಬೇಡವೆನಿಸಿತು. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಅಪ್ಪ ಪತ್ರಿಕೆ ಓದಿ ಕಾಫಿ ಕೆಳಗಿಟ್ಟ. "ಹೋಗ್ಲಿ ಬಿಡೇ ಸಿಗ್ನಿ, ಅವ್ನು ಬರ್ದಿದ್ರಲ್ಲಿ ಸುಳ್ಳೇನಿದೆ? ನಂಗೂ ವಯಸ್ಸಾಯ್ತು" ಎಂದ. ಮರುದಿನ ಬಂದೂಕು ಮಾಡುವ ಕಮ್ಮಟಕ್ಕೆ ಬೀಗ ಹಾಕಿದ. ನಲವತ್ತೊಂದು ವರ್ಷದಲ್ಲಿ ಅದಕ್ಕೆ ಬೀಗ ಬಿದ್ದದ್ದು ಅಮ್ಮ ತೀರಿಕೊಂಡ ವಾರ ಮಾತ್ರ.

ಮುಂದಿನ ಭಾನುವಾರ ಅದೇ ಬಯಲಿಗೆ ಬಾ. ಅದೇ ಬಂದೂಕು, ಅದೇ ಟಗರು, ಎಲ್ಲರ ಎದುರು. ಊದಿ ಹೊಡೆ. ಆಮೇಲೂ ಕೊನೆಗೆ ಬಂದರೆ ಕೊನೆಯೆಂದೇ ಬರೆ, ನಾನು ತುಟಿ ಎರಡು ಮಾಡುವುದಿಲ್ಲ.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ,
ಸಿಗ್ನಿ

ತಾ.ಕ.: ಅಪ್ಪನಿಗೆ ಮೂರು ವರ್ಷದಿಂದ ಕಣ್ಣು ಸರಿಯಾಗಿ ಕಾಣುವುದಿಲ್ಲ. ನೀನು ಹೊಡೆದ ಬಂದೂಕಿನ ನಳಿಗೆ ಕೊರೆದವಳು ನಾನು. ಅಪ್ಪ ತನ್ನ ಹೆಸರಿನ ಮುದ್ರೆಯನ್ನಷ್ಟೇ ಒತ್ತಿದ್ದ. ನೀನು ಹಳಿದದ್ದು ನನ್ನ ಕೈಯನ್ನು ಎಂದು ಗೊತ್ತಿದ್ದೂ ಆತ ‘ನಂಗೂ ವಯಸ್ಸಾಯ್ತು’ ಎಂದ. ಭಾನುವಾರ ಟಗರು ಬಿದ್ದರೂ ಸರಿ, ಬೀಳದಿದ್ದರೂ ಸರಿ, ಆ ನಳಿಗೆಯ ಮೇಲೆ ನನ್ನ ಹೆಸರು ಒತ್ತುತ್ತೇನೆ. ಇನ್ನು ಬೈಯುವುದಿದ್ದರೆ ನನ್ನನ್ನೇ ಬೈ.